ರಿಂಗಣಿಸುವ ಫೋನು, ಘಲ್ಲೆನ್ನುವ ಗೆಜ್ಜೆ

‘ರಿಂಗಣ’ ಕನ್ನಡದಲ್ಲಿ ಮೊದಲು ಕುಣಿತಕ್ಕೆ ಸೇರಿದ ಪದ. ನಡುಗನ್ನಡದ ಕಾವ್ಯಗಳಲ್ಲಿ ಅದು ‘ಕುಣಿ’ ಎಂಬ ಕ್ರಿಯಾಪದದ ಜೊತೆಗೂಡಿ ‘ರಿಂಗಣಗುಣಿ’ ಎಂದು ಬರುತ್ತದೆ. ಮೈಮರೆತು ಸುತ್ತಿ ಸುತ್ತಿ ಕುಣಿಯುವುದು, ಒಂದೆಡೆ ನಿಲ್ಲದೆ ನೆಗೆದು ನಲಿಯುವುದು ಅದರ ಅರ್ಥ. ಅಲ್ಲಿ ಸದ್ದಿನ ಮಾತಿಲ್ಲ, ಇರುವುದು ಕಾಲು ಮತ್ತು ಮೈ. ಇಂದಿನ ಪತ್ರಿಕೆಗಳಲ್ಲಿ, ಕತೆ ಕಾದಂಬರಿಗಳಲ್ಲಿ ಇದೇ ಪದ ಬೇರೆಯದೇ ಕೆಲಸಕ್ಕೆ ನಿಂತಿದೆ. ‘ಮೇಜಿನ ಮೇಲಿದ್ದ ಫೋನ್ ರಿಂಗಣಿಸಿತು’, ‘ಆ ಹಾಡು ಇನ್ನೂ ಕಿವಿಯಲ್ಲಿ ರಿಂಗಣಿಸುತ್ತಿದೆ’, ‘ಊರ ತುಂಬ ಜಯಘೋಷ ರಿಂಗಣಿಸಿತು’ ಎಂಬ ವಾಕ್ಯಗಳು ಯಾರಿಗೂ ಹೊಸವಲ್ಲ. ಕುಣಿಯುತ್ತಿದ್ದ ಪದ ಸದ್ದು ಮಾಡತೊಡಗಿದ್ದು ಹೇಗೆ, ಹಾಗೆ ಬಳಸುವುದು ಸರಿಯೇ ಎಂಬುದು ಕನ್ನಡ ಬರೆಯುವವರನ್ನು ಮತ್ತೆ ಮತ್ತೆ ಕಾಡುವ ಪ್ರಶ್ನೆ.

ಸಂಸ್ಕೃತದಲ್ಲಿ ‘ರಿಂಗ್’, ‘ರಿಂಖ್’ ಎಂಬ ಧಾತುಗಳಿವೆ. ತೆವಳು, ಅಂಬೆಗಾಲಿಡು, ಮೆಲ್ಲಗೆ ಸರಿ ಎಂಬುದು ಅವುಗಳ ಅರ್ಥ. ಕೂಸು ನೆಲದ ಮೇಲೆ ಅಂಬೆಗಾಲಿಡುವುದೇ ‘ರಿಂಗಣ’ ಅಥವಾ ‘ರಿಂಖಣ’. ಹಿಂದಿಯ ‘ರೇಂಗನಾ’, ಮರಾಠಿಯ ‘ರಾಂಗಣೆ’ ಇದೇ ಬಳ್ಳಿಯ ಕುಡಿಗಳು. ಕನ್ನಡಕ್ಕೆ ಬಂದ ಮೇಲೆ ಆ ತೆವಳಿಕೆಗೆ ಕಾಲು ಬಂತು, ಕುಣಿತ ಬಂತು. ಮರಾಠಿಯಲ್ಲಿ ‘ರಿಂಗಣ’ವೆಂದರೆ ವರ್ತುಲ. ಸುತ್ತು ಹಾಕುವ ಬಯಲಿಗೂ ಅದೇ ಹೆಸರು. ಆಷಾಢ ಏಕಾದಶಿಗೆ ಮುಟ್ಟುವಂತೆ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹೂವಿನಿಂದ ತುಕಾರಾಮರ ಪಾಲಖಿಯೂ ಪಂಢರಪುರಕ್ಕೆ ಹೊರಡುತ್ತವೆ. ದಾರಿಯ ನಡುವೆ ಗೊತ್ತಾದ ಬಯಲುಗಳಲ್ಲಿ, ಜೊತೆಗೆ ನಡೆದು ಬರುವ ಭಕ್ತರಾದ ವಾರಕರಿಗಳು ಸುತ್ತುಗಟ್ಟಿ ನಿಲ್ಲುತ್ತಾರೆ, ಅವರ ನಡುವೆ ಕುದುರೆಗಳು ಸುತ್ತು ಓಡುತ್ತವೆ. ಇದೇ ‘ಗೋಲ್ ರಿಂಗಣ’. ಎರಡು ಸಾಲಾಗಿ ನಿಂತು ನಡುವೆ ಕುದುರೆ ಓಡಿಸಿದರೆ ಅದು ‘ಉಭೆ ರಿಂಗಣ’. ಅಲ್ಲಿ ತಾಳ, ಮೃದಂಗದ ಸದ್ದು ಮುಗಿಲು ಮುಟ್ಟಿದರೂ ರಿಂಗಣವೆಂಬ ಹೆಸರು ಸುತ್ತಿನದು, ಸದ್ದಿನದಲ್ಲ.

ಮರಾಠಿಯ ಈ ರಿಂಗಣ ಕನ್ನಡಿಗರಿಗೂ ದೂರದ್ದಲ್ಲ. ಹಾವೇರಿ ಸೀಮೆಯ ಹಾನಗಲ್ಲು, ಶಿಗ್ಗಾಂವ, ಹಿರೇಕೆರೂರು ತಾಲೂಕುಗಳು 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಇಲ್ಲಿನ ಕನ್ನಡಕ್ಕೆ ಮರಾಠಿ, ಉರ್ದುಗಳ ನೆರೆ ಹಳೆಯದು. ಪಂಢರಪುರಕ್ಕೆ ದಿಂಡಿಯಲ್ಲಿ ನಡೆದು ಹೋಗುವವರಿಗೆ ‘ರಿಂಗಣ’ ಕಣ್ಣಿಗೆ ಕಂಡ ಸಂಗತಿ. ಆದರೆ ಹಾನಗಲ್ಲು ತಾಲೂಕಿನ ಅಕ್ಕಿಆಲೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಫೋನು ರಿಂಗಣಿಸಿತು ಎಂದು ಬಾಯಲ್ಲಿ ಆಡುವುದಿಲ್ಲ. ಆ ಬಳಕೆ ಬರಹದ ಕನ್ನಡದ್ದು.

ಹಾಗಾದರೆ ಬರಹಕ್ಕೆ ಅದು ಎಲ್ಲಿಂದ ಬಂತು? ಇಂಗ್ಲಿಷಿನ ‘ರಿಂಗ್’ ಕಿವಿಗೆ ಹತ್ತಿರವಾಗಿ ಕೇಳಿಸಿದ್ದು ಒಂದು ಕಾರಣ ಎಂಬುದರಲ್ಲಿ ಅನುಮಾನ ಬೇಕಿಲ್ಲ. ಇಂಗ್ಲಿಷಿನಲ್ಲೂ ಉಂಗುರ, ಬಳೆ ಎಂಬ ಅರ್ಥದ ‘ರಿಂಗ್’ ಬೇರೆ, ಗಂಟೆಯ ಸದ್ದಿನ ‘ರಿಂಗ್’ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಮೊದಲನೆಯದು ‘ಹ್ರಿಂಗ್’, ಎರಡನೆಯದು ‘ಹ್ರಿಂಗನ್’. ಕಾಲ ಸವೆದು ಎರಡೂ ಒಂದೇ ರೂಪಕ್ಕೆ ಬಂದವು. ಸುತ್ತಿನ ಪದ, ಸದ್ದಿನ ಪದ ಅಲ್ಲಿ ಆಕಸ್ಮಿಕವಾಗಿ ಕೂಡಿಕೊಂಡಂತೆ ಕನ್ನಡದಲ್ಲೂ ಕೂಡಿಕೊಂಡವು. ಆದರೂ ‘ರಿಂಗಣಿಸು’ ಬರೀ ಇಂಗ್ಲಿಷಿನ ಕೂಸು ಎನ್ನಲಾಗದು. ಇಂಗ್ಲಿಷ್ ಪದಕ್ಕೆ ‘ಇಸು’ ಹಚ್ಚಿದ್ದರೆ ಅದು ‘ರಿಂಗಿಸು’ ಆಗಬೇಕಿತ್ತು, ನಡುವಿನ ‘ಣ’ಕಾರಕ್ಕೆ ಅಲ್ಲಿ ದಾರಿಯೇ ಇಲ್ಲ. ಮೊದಲೇ ಇದ್ದ ‘ರಿಂಗಣ’ಕ್ಕೆ ಹೊಸ ಅರ್ಥ ಹೊದಿಸಲಾಗಿದೆ ಎಂಬುದಕ್ಕೆ ಆ ಒಂದು ಅಕ್ಷರವೇ ಸಾಕ್ಷಿ.

ಅರ್ಥ ಹೀಗೆ ಜಾರುವುದಕ್ಕೆ ಕನ್ನಡದ ಒಳಗೇ ಒಂದು ಸಲೀಸಾದ ದಾರಿ ಇತ್ತು. ಕನ್ನಡ ನಾಡಿನಲ್ಲಿ ಕುಣಿತವೆಂದರೆ ಗೆಜ್ಜೆ. ‘ಗೆಜ್ಜೆ ಕಟ್ಟು’ ಎಂದರೆ ಕುಣಿಯಲು ಸಜ್ಜಾಗು ಎಂದೇ ಅರ್ಥ. ವೀರಭದ್ರನ ಪುರವಂತರು, ಕೋಲಾಟದವರು, ಹೆಜ್ಜೆಮೇಳದವರು ಎಲ್ಲರ ಕಾಲಲ್ಲೂ ಹೆಜ್ಜೆಗೊಂದು ಸದ್ದು ಹೊರಡುತ್ತದೆ. ಕಾಲು ಸುತ್ತಿದಲ್ಲಿ ಸದ್ದೂ ಸುತ್ತುತ್ತದೆ. ರಿಂಗಣಗುಣಿಯುವವರ ಕಾಲಿನಿಂದ ಆ ಪದ ಗೆಜ್ಜೆಗೆ ಇಳಿದು, ಗೆಜ್ಜೆಯಿಂದ ಗಂಟೆಗೆ, ಗಂಟೆಯಿಂದ ಫೋನಿಗೆ ಹಬ್ಬಿದ್ದರಲ್ಲಿ ಅಸಹಜವಾದದ್ದೇನೂ ಇಲ್ಲ. ಬೇಂದ್ರೆಯವರ ‘ಕುರುಡು ಕಾಂಚಾಣ’ದಲ್ಲಿ ಹಣ ಕುಣಿಯುತ್ತದೆ, ಆ ಕುಣಿತಕ್ಕೆ ಸದ್ದೂ ಇದೆ. ಧಾರವಾಡದ ಆ ಕವಿಗೆ ಕುಣಿತ ಮತ್ತು ಲೋಹದ ದನಿ ಬೇರೆ ಬೇರೆಯಾಗಿ ಕೇಳಿಸಿರಲಿಲ್ಲ. ಆದ್ದರಿಂದ ‘ರಿಂಗಣಿಸು’ ತಪ್ಪು ಪ್ರಯೋಗ ಎಂದು ಹೊಡೆದು ಹಾಕುವುದು ಸಲ್ಲದು. ನೋಡಬೇಕಾದದ್ದು ಬೇರೆ. ಕನ್ನಡದಲ್ಲಿ ಲೋಹದ ಸದ್ದಿಗೆ ಇರುವ ಪದಗಳು ಒಂದೆರಡಲ್ಲ. ಒಂದೊಂದು ಪದವೂ ಸದ್ದು ಯಾವುದರದು, ಎಷ್ಟು ದೊಡ್ಡದು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಕಿವಿಗೆ ಮುಟ್ಟಿಸುತ್ತದೆ. ಎಲ್ಲಕ್ಕೂ ‘ರಿಂಗಣಿಸು’ ಒಂದನ್ನೇ ಬರೆದರೆ ಆ ವಿವರವೆಲ್ಲ ಮಾಯವಾಗುತ್ತದೆ.

ಅಕ್ಕಿಆಲೂರಿನ ಕಡೆಯ ಮಾತಿನಲ್ಲಿ ಗಂಟೆ ‘ಗಂಟಿ’ ಆಗುತ್ತದೆ. (ಕುಂದಾಪುರದ ಕನ್ನಡದಲ್ಲಿ ‘ಗಂಟಿ’ ಎಂದರೆ ದನಕರು. ಹಾನಗಲ್ಲಿನವರು ಅಲ್ಲಿ ಹೋಗಿ ‘ಗಂಟಿ ಎಲ್ಲೈತಿ’ ಎಂದರೆ ಕೊಟ್ಟಿಗೆ ತೋರಿಸಿಯಾರು.) ಗಂಟೆಯ ಜೊತೆ ಬರುವ ಕ್ರಿಯಾಪದಗಳನ್ನು ಗಮನಿಸಿದರೆ ಅವೆಲ್ಲ ಕೈಯ ಕೆಲಸವನ್ನು ಹೇಳುವಂಥವು. ಗುಡಿಯ ಗಂಟೆ ಬಾರಿಸುತ್ತಾರೆ, ಸಾಲಿಯ ಗಂಟಿ ಹೊಡೆಯುತ್ತಾರೆ, ಜಾಗಟೆ ಬಡಿಯುತ್ತಾರೆ, ಪೂಜೆಯ ಕೈಗಂಟೆ ಆಡಿಸುತ್ತಾರೆ. ಹೊಡೆದವರನ್ನು ಹೇಳದೆ ಗಂಟೆಯನ್ನೇ ಕರ್ತೃವಾಗಿಸುವುದೂ ಉಂಟು: ‘ಗಂಟಿ ಹೊಡೀತು, ಸಾಲಿ ಬಿಡ್ತು’. ಫೋನಿಗೂ ಇದೇ ವ್ಯಾಕರಣ ಅಂಟಿಕೊಂಡಿದೆ. ‘ಫೋನ್ ಬಡ್ಕೊಳ್ಳಾಕತ್ತೈತಿ, ಯಾರ್ದ ನೋಡು’ ಎನ್ನುತ್ತಾರೆ, ಇಲ್ಲವೆ ‘ರಿಂಗ್ ಆಗಾಕತ್ತೈತಿ’ ಎನ್ನುತ್ತಾರೆ. ಇಂಗ್ಲಿಷ್ ಪದ ಬಂದರೂ ಅದಕ್ಕೆ ‘ಆಗು’, ‘ಮಾಡು’, ‘ಕೊಡು’ ಸೇರಿಸಿ ಕನ್ನಡದ ದಾರಿಗೆ ಹಚ್ಚುವುದು ಆಡುಮಾತಿನ ರೀತಿ. ರಿಂಗ್ ಆಗು, ಫೋನ್ ಮಾಡು, ಮಿಸ್‌ಕಾಲ್ ಕೊಡು ಎಂಬವೆಲ್ಲ ಹಾಗೆ ಬಂದವು. ಬರಹದವರು ಕಟ್ಟಿದ ‘ಕರೆಗಂಟೆ’ಯಂಥ ಪದಗಳೂ ಚೆನ್ನಾಗಿ ಬೇರೂರಿವೆ. ಮನೆಬಾಗಿಲ ಗುಂಡಿಗೆ ಅದಕ್ಕಿಂತ ಸೊಗಸಾದ ಹೆಸರು ಸಿಗಲಾರದು.

ಇನ್ನು ಸದ್ದಿನ ಪದಗಳು. ಶಾಲೆಯ ವ್ಯಾಕರಣದಲ್ಲಿ ಇವಕ್ಕೆ ಅನುಕರಣಾವ್ಯಯ ಎಂದು ಹೆಸರು. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದಲೇ ಅನುಕರಣ ಪದಗಳು ಕನ್ನಡ ವ್ಯಾಕರಣದ ಲೆಕ್ಕಕ್ಕೆ ಸೇರಿವೆ. ಪಠ್ಯಪುಸ್ತಕದಲ್ಲಿ ಒಂದು ಪಟ್ಟಿ ಕೊಟ್ಟು ಮುಂದೆ ಹೋಗುವುದರಿಂದ ಇವು ಮನಬಂದಂತೆ ಹುಟ್ಟಿದ ಪದಗಳೆಂಬ ಭಾವನೆ ಉಳಿದುಬಿಡುತ್ತದೆ. ಕಿವಿಗೊಟ್ಟು ಕೇಳಿದರೆ ಅವುಗಳಲ್ಲಿ ಖಚಿತವಾದ ಕಟ್ಟು ಇದೆ.

ಪದದ ಕೊನೆಯನ್ನು ಮೊದಲು ನೋಡಬೇಕು. ಟಕ್, ಪಟ್, ಡಬ್ ಎಂಬವು ಕ, ಟ, ಬಗಳಲ್ಲಿ ನಿಲ್ಲುತ್ತವೆ. ಅವನ್ನು ಉಚ್ಚರಿಸುವಾಗ ಬಾಯಿಯ ಗಾಳಿ ಅಲ್ಲಿಗೇ ತಡೆಯುತ್ತದೆ. ಬಾಗಿಲು ಬಡಿದರೆ, ಕೊಂಬೆ ಮುರಿದರೆ, ಮೂಟೆ ಕೆಡವಿದರೆ ಬರುವ ಸದ್ದು ಅಂಥದೇ, ಹುಟ್ಟಿದಲ್ಲೇ ಸಾಯುತ್ತದೆ. ಟಣ್, ಠಣ್, ಢಣ್, ಖಣ್ ಎಂಬವು ಅನುನಾಸಿಕದಲ್ಲಿ ಕೊನೆಯಾಗುತ್ತವೆ. ನಾಲಿಗೆ ನಿಂತರೂ ದನಿ ಮೂಗಿನಲ್ಲಿ ಹರಿಯುತ್ತಲೇ ಇರುತ್ತದೆ, ಬೇಕೆಂದಷ್ಟು ಹೊತ್ತು ‘ಟಣ್‌ಣ್‌ಣ್’ ಎಂದು ಎಳೆಯಬಹುದು. ಲೋಹಕ್ಕೆ ಪೆಟ್ಟು ಬಿದ್ದ ಮೇಲೂ ಸದ್ದು ಉಳಿಯುವುದನ್ನು ಕನ್ನಡ ಈ ‘ಣ’ಕಾರದಲ್ಲಿ ಹಿಡಿದಿದೆ. ಮಲೆನಾಡಿನ ಅಂಚಿನಲ್ಲಿ ಕಾಡಿಗೆ ಬಿಟ್ಟ ದನದ ಕೊರಳಿಗೆ ಮರದ ಗಂಟೆ ಕಟ್ಟುತ್ತಾರಲ್ಲ, ಅದರ ಸದ್ದು ‘ಲೊಟಲೊಟ’. ಆಕಾರದಲ್ಲಿ ಗಂಟೆಯಾದರೂ ಮರ ಅನುರಣಿಸುವುದಿಲ್ಲ, ಹಾಗಾಗಿ ಅದರ ಪದಕ್ಕೆ ‘ಣ’ ಸಿಗಲಿಲ್ಲ, ‘ಟ’ ಸಿಕ್ಕಿತು.

ಸ್ವರಗಳದು ಇನ್ನೊಂದು ಲೆಕ್ಕ. ಸಣ್ಣದಕ್ಕೆ, ಎತ್ತರದ ದನಿಗೆ ‘ಇ’ಕಾರ. ಬಳೆ ಕಿಣಿಕಿಣಿ ಅನ್ನುತ್ತದೆ, ಕೂಸಿನ ಗಿಲಕಿ ಗಿಲಿಗಿಲಿ ಅನ್ನುತ್ತದೆ, ಸೈಕಲ್ಲಿನ ಬೆಲ್ಲು ಟ್ರಿಣ್ ಟ್ರಿಣ್ ಅನ್ನುತ್ತದೆ. ಅದೇ ಸದ್ದು ದೊಡ್ಡದಾದರೆ ‘ಅ’ಕಾರ ಬರುತ್ತದೆ. ಖಣಖಣ, ಗಣಗಣ, ಗಲಗಲ, ಢಣಢಣ ಎಂಬವು ಹೀಗೆ ಬಂದವು. ಕಿಣಿಕಿಣಿಗೂ ಖಣಖಣಕ್ಕೂ, ಗಿಲಿಗಿಲಿಗೂ ಗಲಗಲಕ್ಕೂ ನಡುವೆ ಬದಲಾಗುವುದು ಮುಖ್ಯವಾಗಿ ಸ್ವರ. ಅಷ್ಟರಿಂದಲೇ ವಸ್ತುವಿನ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಮೊದಲ ಅಕ್ಷರದ ಮಹಾಪ್ರಾಣ ಪೆಟ್ಟಿನ ಬಿರುಸನ್ನು ಹೇಳುತ್ತದೆ. ಗಲ್ಲಿಗಿಂತ ಘಲ್ಲು, ಟಣ್ಣಿಗಿಂತ ಠಣ್ಣು ಜೋರು. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ತೀರ ಅಪರೂಪ. ಸದ್ದಿನ ಪದಗಳಲ್ಲಿ ಮಾತ್ರ ಅದು ಧಾರಾಳ. ಬೇರೆಡೆ ಬೇಡವಾದ ಉಸಿರು ಇಲ್ಲಿ ಬೇಕಾಯಿತು.

‘ಣ’ ಒಂದೇ ಗಂಟೆಯ ನಿಲುವನ್ನು ತೋರಿದರೆ ‘ಲ’ ಹಲವು ಸಣ್ಣ ಗಂಟೆಗಳ ಕಲಬೆರಕೆಯನ್ನು ತೋರುತ್ತದೆ. ಗಂಟೆಗೆ ಗಣಗಣ, ಗೆಜ್ಜೆಗೆ ಗಲಗಲ. ಇದನ್ನು ಯಾರೂ ಕಲಿಸುವುದಿಲ್ಲ, ಆದರೂ ಗೆಜ್ಜೆ ಗಣಗಣ ಅಂದಿತು ಎಂದರೆ ಕನ್ನಡದ ಕಿವಿಗೆ ತಟ್ಟನೆ ಎಲ್ಲೋ ತಪ್ಪಿದಂತಾಗುತ್ತದೆ. ಕಾರಣ ಎರಡರ ಕಟ್ಟಿನಲ್ಲಿದೆ. ಗಂಟೆಯ ಬಾಯಿ ತೆರೆದಿರುತ್ತದೆ, ಒಳಗೆ ಜೋತಾಡುವ ನಾಲಿಗೆ ಒಮ್ಮೆ ಬಡಿದು ಹಿಂದೆ ಸರಿಯುತ್ತದೆ, ಲೋಹ ತಡೆಯಿಲ್ಲದೆ ನಡುಗುತ್ತದೆ. ಗೆಜ್ಜೆ ಮುಚ್ಚಿದ ಪೊಳ್ಳು ಗುಂಡು, ಮೈಮೇಲೆ ಒಂದು ಸೀಳು, ಒಳಗೊಂದು ಹರಳು. ಆ ಹರಳು ಗೋಡೆಗೆ ತಾಗಿಕೊಂಡೇ ಉರುಳುವುದರಿಂದ ಸದ್ದು ಉದ್ದ ನಿಲ್ಲದು. ಆದರೆ ಒಂದು ಸರದಲ್ಲಿ ಪೋಣಿಸಿದ ಹತ್ತಾರು ಗೆಜ್ಜೆಗಳ ತುಂಡು ಸದ್ದುಗಳು ಒಂದರ ಮೇಲೊಂದು ಬಿದ್ದು ಹೊಳೆಯಂತೆ ಹರಿಯುತ್ತವೆ. ‘ಲ’ ಹರಿಯುವ ಅಕ್ಷರ.

ಪದ ಒಮ್ಮೆ ಬರುವುದಕ್ಕೂ ಎರಡು ಸಲ ಬರುವುದಕ್ಕೂ ಅರ್ಥಭೇದವಿದೆ. ಹಳ್ಳಿಯ ಸರಕಾರಿ ಶಾಲೆಗಳಲ್ಲಿ ಗಂಟೆಯ ಬದಲು ರೈಲು ಹಳಿಯ ಒಂದು ತುಂಡನ್ನು ತಂತಿಯಿಂದ ತೂಗುಬಿಟ್ಟಿರುವುದನ್ನು ಬಹಳ ಮಂದಿ ಕಂಡಿದ್ದಾರೆ. ಪಿರಿಯಡ್ ಮುಗಿದಾಗ ಕಬ್ಬಿಣದ ಸಲಾಕೆಯಿಂದ ಅದಕ್ಕೆ ಬಿಡಿ ಬಿಡಿಯಾಗಿ ಪೆಟ್ಟು ಕೊಡುತ್ತಾರೆ: ಟಣ್, ಟಣ್, ಟಣ್. ಪ್ರತಿ ಪೆಟ್ಟನ್ನೂ ಎಣಿಸಬಹುದು. ಇದಕ್ಕೆ ‘ಟಣ್ಣನೆ’, ‘ಟಣ್ಣೆಂದು’ ಎಂಬ ರೂಪಗಳು. ಸಂಜೆ ಶಾಲೆ ಬಿಡುವಾಗ ಪೆಟ್ಟುಗಳ ನಡುವೆ ಬಿಡುವಿರುವುದಿಲ್ಲ. ಮೊದಲ ಪೆಟ್ಟಿನ ಸದ್ದು ಆರುವ ಮೊದಲೇ ಎರಡನೆಯದು ಬೀಳುತ್ತದೆ. ಆಗ ಅದು ‘ಗಣಗಣ’ ಅಥವಾ ‘ಢಣಢಣ’. ಮಕ್ಕಳ ಬಾಯಲ್ಲಿ ಅದಕ್ಕೆ ‘ಲಾಂಗ್ ಬೆಲ್’. ಎಣಿಕೆಗೆ ಸಿಗುವ ಸದ್ದಿಗೆ ಒಂಟಿ ಪದ, ಎಣಿಕೆ ತಪ್ಪಿದ ಸದ್ದಿಗೆ ಜೋಡಿ ಪದ. ‘ಫೋನ್ ರಿಂಗಣಿಸಿತು’ ಎಂದಾಗ ಈ ಭೇದ ಕಾಣಿಸದು. ಒಂದೇ ಸಲ ಸದ್ದಾಗಿ ನಿಂತಿತೋ, ಎತ್ತುವ ತನಕ ಬಡಿದುಕೊಂಡಿತೋ ತಿಳಿಯದು.

ಗೆಜ್ಜೆಯ ಸದ್ದನ್ನು ಅದರ ಎಲ್ಲ ಬಗೆಯಲ್ಲಿ ಕೇಳಬೇಕೆಂದರೆ ದೀಪಾವಳಿಯ ಹೊತ್ತಿಗೆ ಹಾವೇರಿ ಜಿಲ್ಲೆಗೆ ಬರಬೇಕು. ಬಲಿಪಾಡ್ಯಮಿಯಿಂದ ಶುರುವಾಗಿ ಮುಂದೆ ತಿಂಗಳುಗಟ್ಟಲೆ ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವ, ಸವಣೂರು ತಾಲೂಕಿನ ಹಳ್ಳಿಗಳಲ್ಲೂ ನೆರೆಯ ಶಿಕಾರಿಪುರ, ಸೊರಬದ ಕಡೆಯೂ ಹೋರಿ ಹಬ್ಬ ನಡೆಯುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಸರ, ಬೆನ್ನಿಗೆ ಜೂಲ, ಕೋಡಿಗೆ ಕೋಡಣಸು, ಗೊಂಡೆ, ಬಲೂನು. ಕೊರಳಲ್ಲಿ ಗೆಜ್ಜೆಸರ, ಅದರ ನಡುವೆ ದೊಡ್ಡ ಗಂಟೆ. ಅಖಾಡದ ಬಾಯಲ್ಲಿ ಹೋರಿಯನ್ನು ಹಿಡಿದು ನಿಲ್ಲಿಸಿದಾಗ ಅದು ತಲೆ ಕೊಡವಿದರೆ ‘ಘಲ್’ ಎಂದು ಒಂದೇ ಸದ್ದು. ಕಾಲು ಕೆದರತೊಡಗಿದರೆ ಗಿಲಿಗಿಲಿ. ಹಗ್ಗ ಬಿಟ್ಟ ಕೂಡಲೇ ಘಲಘಲ ಎಂದು ಬಿರುಸಾಗುತ್ತದೆ. ಇಕ್ಕೆಲದಲ್ಲಿ ಕೊಬ್ಬರಿ ಹರಿಯಲು ನಿಂತ ಹುಡುಗರ ನಡುವೆ ನುಗ್ಗಿ ಹೋಗುವಾಗ ಗೆಜ್ಜೆಯೂ ಗಂಟೆಯೂ ಬೇರೆ ಬೇರೆಯಾಗಿ ಕೇಳಿಸುವುದೇ ಇಲ್ಲ. ಹೋರಿ ದಾಟಿ ದೂರವಾದಾಗ ಸಣ್ಣ ಗೆಜ್ಜೆಗಳ ಸದ್ದು ಮೊದಲು ಅಡಗುತ್ತದೆ, ದೊಡ್ಡ ಗಂಟೆಯ ‘ಢಣ್’ ಮಾತ್ರ ಇನ್ನೂ ಒಂದಿಷ್ಟು ದೂರ ಕೇಳಿಸುತ್ತದೆ. ಹೋರಿ ಸಾಕಿದವರು ತಮ್ಮದರ ಸದ್ದನ್ನು ಅದು ಕಣ್ಣಿಗೆ ಬೀಳುವ ಮೊದಲೇ ಗುರುತಿಸುತ್ತಾರೆ. ಕಾರಹುಣ್ಣಿವೆಗೂ ಎತ್ತುಗಳಿಗೆ ಇದೇ ಸಿಂಗಾರ ಉಂಟು. ಆ ದಿನದ ನಡಿಗೆಯಲ್ಲಿ ಗೆಜ್ಜೆ ಬಿಡಿ ಬಿಡಿಯಾಗಿ ನುಡಿಯುತ್ತದೆ.

ಗೆಜ್ಜೆಯ ಬಳಗದಲ್ಲೇ ‘ಜಂಗು’ ಎಂಬುದೊಂದಿದೆ. ಭಿಕ್ಷೆಗೆ ಬರುವ ಅಯ್ಯನವರು ಮೊಣಕಾಲ ಕೆಳಗೆ ಕಟ್ಟುವ ದೊಡ್ಡ ಹಿತ್ತಾಳೆಯ ಗೆಜ್ಜೆ ಅದು. ಮಠಗಳ ಸೀಮೆಯಾದ ಇಲ್ಲಿ ಜಂಗಿನ ಸದ್ದು ಓಣಿಯ ತಿರುವಿನಲ್ಲಿ ಕೇಳುತ್ತಲೇ ಮನೆಯವರು ಜೋಳವೋ ಅಕ್ಕಿಯೋ ಹಿಡಿದು ಬಾಗಿಲಿಗೆ ಬರುತ್ತಿದ್ದರು. ವಸ್ತುವಿನ ಹೆಸರಲ್ಲೇ ಸದ್ದು ಸೇರಿದಂತೆ ಕೇಳಿಸುವ ಪದಗಳಲ್ಲಿ ಇದು ಒಂದು. ಕೂಸಿನ ‘ಗಿಲಕಿ’ ಇನ್ನೊಂದು. ಭಜನೆಯ ‘ಝಾಂಜ್’ ಉತ್ತರದಿಂದ ಬಂದದ್ದಾದರೂ ಅದೂ ಅಂಥದೇ. ಸಂಸ್ಕೃತದ ‘ಕಿಂಕಿಣಿ’ಯೂ ಸಣ್ಣ ಗೆಜ್ಜೆಗೆ ಅದರ ಸದ್ದನ್ನೇ ಹೆಸರಾಗಿ ಇಟ್ಟದ್ದು.

ಸದ್ದಿನ ಗುಣ ಲೋಹದಿಂದ ಬರುತ್ತದೆ. ಗಂಟೆಗೆ ಹೇಳಿ ಮಾಡಿಸಿದ ಲೋಹ ಕಂಚು. ತಾಮ್ರ ಸುಮಾರು ನಾಲ್ಕು ಪಾಲು, ತವರ ಒಂದು ಪಾಲು ಸೇರಿಸಿ ಎರಕ ಹೊಯ್ದರೆ ದನಿ ಉದ್ದ ನಿಲ್ಲುತ್ತದೆ. ತವರ ಹೆಚ್ಚಿದಷ್ಟೂ ಲೋಹ ಗಡುಸಾಗುತ್ತದೆ, ಜೊತೆಗೆ ಸೀಳುವ ಭಯವೂ ಹೆಚ್ಚುತ್ತದೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆಗಿರುವುದು ಸತು, ಅದರ ದನಿ ಬೇಗ ಆರುತ್ತದೆ. ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದ ನಟರು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹಾಡಬೇಕಿತ್ತು. ಅಂಥವರ ದನಿಗೆ ಕನ್ನಡ ‘ಕಂಚಿನ ಕಂಠ’ ಎಂಬ ಹೆಸರು ಕೊಟ್ಟಿತು. ದನಿ ಕೆಟ್ಟರೆ ಅದು ‘ಒಡಕು ದನಿ’. ಬಿರುಕು ಬಿಟ್ಟ ಗಂಟೆಯಲ್ಲಿ ನಡುಕ ಬಿರುಕಿನ ಅಂಚಿಗೆ ಬಂದು ಮುರಿಯುತ್ತದೆ, ಉಳಿಯುವುದು ಕರಕರ ಸದ್ದು. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು ನೋಡುವುದೂ ಇದಕ್ಕೇ. ಟಣ್ ಅಂದರೆ ಚೆನ್ನಾಗಿ ಬೆಂದದ್ದು, ಬಿರುಕಿಲ್ಲದ್ದು. ಬದ್ ಅಂದರೆ ಕೆಳಗಿಡಬೇಕು. ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ಖರೆಯೋ ಖೋಟಾವೋ ಎಂದು ಕಿವಿಯಿಂದ ಪರೀಕ್ಷಿಸುತ್ತಿದ್ದ ಕಾಲವೂ ಇತ್ತು. ಈ ಸದ್ದುಗಳನ್ನು ಬೇರೆ ಬೇರೆಯಾಗಿ ಹೆಸರಿಸಲು ಬಾರದಿದ್ದರೆ ವ್ಯವಹಾರವೇ ನಡೆಯುತ್ತಿರಲಿಲ್ಲ.

ಕಾಲವನ್ನು ಹೇಳುವ ಪದಗಳೂ ಲೋಹದ ಸದ್ದಿನಿಂದಲೇ ಬಂದಿವೆ. ಸಂಸ್ಕೃತದ ‘ಘಂಟಾ’ ಕನ್ನಡದಲ್ಲಿ ಗಂಟೆಯಾಗಿ, ಹೊತ್ತು ಸಾರಲು ಅದನ್ನು ಹೊಡೆಯುತ್ತಿದ್ದುದರಿಂದ ಹೊತ್ತಿಗೇ ಆ ಹೆಸರಾಯಿತು. ಉತ್ತರ ಕರ್ನಾಟಕದಲ್ಲಿ ಇದರ ಪಕ್ಕದಲ್ಲಿ ‘ತಾಸು’ ಇದೆ. ಬಟ್ಟಲು ಎಂಬ ಅರ್ಥದ ಪಾರಸಿಯ ‘ತಾಸ್’ ಮರಾಠಿಯಲ್ಲಿ ಹೊತ್ತು ಬಡಿಯುವ ಲೋಹದ ತಟ್ಟೆಯಾಯಿತು, ಮುಂದೆ ಆ ಹೊತ್ತೇ ಆಯಿತು. ಅದಕ್ಕೂ ಹಿಂದಿನ ‘ಗಳಿಗೆ’ ಸಣ್ಣ ತೂತಿನ ಬಟ್ಟಲು ನೀರಿನಲ್ಲಿ ಮುಳುಗಲು ಹಿಡಿಯುವ 24 ನಿಮಿಷ. ಹಗಲು ರಾತ್ರಿ ಸೇರಿ ಅಂಥವು 60. ಬಟ್ಟಲು ಮುಳುಗಿದಾಗ ಜಾಗಟೆ ಹೊಡೆದು ಊರಿಗೆ ತಿಳಿಸುತ್ತಿದ್ದರು. ಅಕ್ಕಿಆಲೂರಿನ ಕನ್ನಡ ಗಂಟೆ, ತಾಸುಗಳೆರಡನ್ನೂ ಇಟ್ಟುಕೊಂಡು ಕೆಲಸ ಹಂಚಿಕೊಟ್ಟಿದೆ. ‘ಹಾವೇರಿ ಬಸ್ಸು ಎಷ್ಟ್ ಗಂಟೀಗೈತಿ?’ ಎಂದು ಕೇಳುವವರೇ ‘ಎರಡ್ ತಾಸಾತು, ಬಸ್ಸ್ ಬರಲಿಲ್ಲ’ ಎನ್ನುತ್ತಾರೆ. ಗಡಿಯಾರ ತೋರುವ ಹೊತ್ತು ಗಂಟೆ, ಕಳೆದುಹೋದ ಹೊತ್ತು ತಾಸು. ದಕ್ಷಿಣದ ಕನ್ನಡ ಎರಡಕ್ಕೂ ಗಂಟೆಯೊಂದನ್ನೇ ಬಳಸುತ್ತದೆ. ಈ ವಿಷಯದಲ್ಲಿ ಉತ್ತರದ ಮಾತು ಹೆಚ್ಚು ಖಚಿತ.

ಲೋಹವಲ್ಲದ ಸದ್ದುಗಳು ಈ ಪದಗಳ ಎಲ್ಲೆಯನ್ನು ತೋರಿಸುತ್ತವೆ. ಕಿವಿಯ ಬಳಿ ಜೋರಾಗಿ ಪಟಾಕಿ ಸಿಡಿದ ಮೇಲೆ ಒಳಗೆ ಉಳಿಯುವ ಸದ್ದಿಗೆ ಇಂಗ್ಲಿಷ್ ಗಂಟೆಯ ಪದವನ್ನೇ ಹಚ್ಚುತ್ತದೆ. ಕನ್ನಡದಲ್ಲಿ ಕಿವಿ ‘ಗುಂಯ್’ ಅನ್ನುತ್ತದೆ, ವೈದ್ಯರ ಕನ್ನಡದಲ್ಲಿ ಅದು ಕಿವಿಮೊರೆತ. ಇಲ್ಲಿ ‘ಕಿವಿ ರಿಂಗಣಿಸುತ್ತಿದೆ’ ಎಂದು ಬರೆದರೆ ಓದುಗ ಅದನ್ನು ಇಂಪಾದ ದನಿಯೆಂದೇ ತಿಳಿದಾನು, ಏಕೆಂದರೆ ಕನ್ನಡದಲ್ಲಿ ರಿಂಗಣಕ್ಕೆ ನಲಿವಿನ ನೆನಪು ಅಂಟಿದೆ. ಹಾಗೆಯೇ ‘ಝೇಂಕಾರ’ ದುಂಬಿಯದು, ತಂಬೂರಿಯದು. ಬಿಲ್ಲಿನ ಹೆದೆಯದು ‘ಠೇಂಕಾರ’ ಅಥವಾ ‘ಟಂಕಾರ’. ಈ ಪದಗಳ ಕೊನೆಯ ‘ಕಾರ’ಕ್ಕೆ ಮಾಡುವುದು ಎಂದರ್ಥ. ಝೇಂ ಎಂದು ಮಾಡಿದ್ದು ಝೇಂಕಾರ, ಠೇಂ ಎಂದು ಮಾಡಿದ್ದು ಠೇಂಕಾರ, ಝಣತ್ ಎಂದು ಮಾಡಿದ್ದು ಝಣತ್ಕಾರ. ‘ಗೆಜ್ಜೆಯ ಝೇಂಕಾರ’ ಎಂದು ಶೀರ್ಷಿಕೆ ಕೊಡುವ ಮುನ್ನ ಗೆಜ್ಜೆ ಎಂದಾದರೂ ಝೇಂ ಎಂದಿತೇ ಎಂದು ಕೇಳಿಕೊಂಡರೆ ಸಾಕು.

ತಂಬೂರಿಯ ಝೇಂಕಾರದ ಗುಟ್ಟು ಅದರ ತಂತಿಗಳನ್ನು ಹೊರುವ ‘ಕುದುರೆ’ಯ ಮೇಲ್ಮೈಯಲ್ಲಿದೆ. ತಂತಿ ಅಲ್ಲಿ ಒಂದೇ ಬಿಂದುವಿಗೆ ತಾಗದೆ ಸ್ವಲ್ಪ ಉದ್ದಕ್ಕೆ ಸವರಿಕೊಂಡು ನಡುಗುತ್ತದೆ. ಹಿಂದೂಸ್ತಾನಿಯವರು ಇದನ್ನು ‘ಜವಾರಿ’ ಎನ್ನುತ್ತಾರೆ. ಕರ್ನಾಟಕ ಪದ್ಧತಿಯಲ್ಲಿ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಅದೇ ಗುಣ ತರುತ್ತಾರೆ, ಅದು ‘ಜೀವಾಳಿ’. ಈ ಸೂಕ್ಷ್ಮಗಳ ಜೊತೆಗೇ ಬದುಕಿದ ಇಬ್ಬರು ಮಹನೀಯರು ಹಾನಗಲ್ಲು ತಾಲೂಕಿನವರೇ. ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಹುಟ್ಟುಗುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಸಂಗೀತಕ್ಕೆ ಆಸರೆಯಾದರು. ಪಂಚಾಕ್ಷರರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಅವರಿಂದ ಸ್ವರ ಕಲಿತರು. ನೋಡಿ ಕಲಿಯುವ ಅವಕಾಶವಿಲ್ಲದವರಿಗೆ ಸದ್ದುಗಳನ್ನು ಬೇರ್ಪಡಿಸಿ ಹೇಳುವ ಭಾಷೆ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಪೆಟ್ಟು ನಿಂತ ಮೇಲೆ ಉಳಿಯುವ ದನಿಗೆ ಶಾಸ್ತ್ರದ ಹೆಸರು ‘ಅನುರಣನ’. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಕಾವ್ಯದ ಒಂದು ಬಗೆಯ ಧ್ವನಿಯನ್ನು ಇದರ ಮೂಲಕವೇ ವಿವರಿಸಿದ. ಮೊದಲು ಮಾತಿನ ನೇರ ಅರ್ಥ ತಿಳಿಯುತ್ತದೆ, ಅದು ಮುಗಿದ ಮೇಲೆ ಗಂಟೆಯ ಮರುದನಿಯಂತೆ ಇನ್ನೊಂದು ಅರ್ಥ ನಿಧಾನವಾಗಿ ಹೊಮ್ಮುತ್ತದೆ. ಕನ್ನಡದ ‘ಅನುರಣಿಸು’ ಆ ಪರಂಪರೆಯ ಪದ. ನಿಂತು ಉಳಿಯುವುದಕ್ಕೆ ಅದು ಸರಿ. ‘ಪ್ರತಿಧ್ವನಿಸು’, ‘ಮಾರ್ದನಿಸು’ ಎಂಬವು ಬೆಟ್ಟಕ್ಕೋ ಗೋಡೆಗೋ ತಾಗಿ ಮರಳಿ ಬಂದ ದನಿಗೆ ಸಲ್ಲುತ್ತವೆ. ‘ಮೊಳಗು’ ನಗಾರಿಗೆ, ಜಯಘೋಷಕ್ಕೆ, ದೊಡ್ಡ ಗಂಟೆಗೆ ಒಪ್ಪುತ್ತದೆ. ಊರ ತುಂಬ ಜಯಘೋಷ ಮೊಳಗಿತು ಎಂಬಲ್ಲಿ ‘ರಿಂಗಣಿಸಿತು’ ಬರೆಯುವುದರಿಂದ ಏನೂ ಸಿಗದು, ಮೊಳಗಿನ ಗಾತ್ರ ಕುಗ್ಗುತ್ತದೆ ಅಷ್ಟೆ.

ಇಷ್ಟನ್ನು ಬಿಟ್ಟು ‘ರಿಂಗಣಿಸು’ವಿಗೆ ಉಳಿಯುವ ಜಾಗ ಚಿಕ್ಕದಾದರೂ ಗಟ್ಟಿಯಾದದ್ದು. ದನಿಯೊಂದು ಒಂದೆಡೆ ನಿಲ್ಲದೆ ಮತ್ತೆ ಮತ್ತೆ ಸುತ್ತಿ ಬರುವಲ್ಲಿ ಆ ಪದಕ್ಕೆ ಸಾಟಿಯಿಲ್ಲ. ಕೇಳಿದ ಹಾಡು ಮೂರು ದಿನವಾದರೂ ಮನಸ್ಸಿನಲ್ಲಿ ರಿಂಗಣಿಸುತ್ತದೆ, ಅಗಲಿದವರ ಮಾತು ಕಿವಿಯಲ್ಲಿ ರಿಂಗಣಿಸುತ್ತದೆ. ಸುತ್ತು, ಕುಣಿತ, ಸದ್ದು ಮೂರೂ ಅಲ್ಲಿ ಒಟ್ಟಿಗಿವೆ. ಫೋನಿನ ವಿಷಯಕ್ಕೆ ಬಂದರೆ ‘ಫೋನ್ ರಿಂಗಣಿಸಿತು’ ಈಗ ಬಳಕೆಯಲ್ಲಿ ನೆಲೆನಿಂತಿದೆ, ಅದನ್ನು ತಿದ್ದಹೊರಡುವುದು ವ್ಯರ್ಥ. ಎರಡು ಗಂಟೆಗಳ ನಡುವೆ ಸುತ್ತಿಗೆ ಬಡಿಯುತ್ತಿದ್ದ ಹಳೆಯ ದೂರವಾಣಿಗೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು. ಗಂಟೆಯೇ ಇಲ್ಲದ ಇಂದಿನ ಮೊಬೈಲಿಗೆ ‘ಫೋನ್ ಬಂತು’ ಎಂಬ ಎರಡು ಮಾತು ಬಹಳ ಕಡೆ ಸಾಕಾಗುತ್ತದೆ.

ರೂಪದ ಬಗ್ಗೆ ಗಮನಿಸಬೇಕಾದ ಎರಡು ಮಾತು. ‘ರಿಂಗಣಿಸು’ ಅಕರ್ಮಕವಾಗಿಯೇ ಬಳಕೆಯಲ್ಲಿದೆ. ಗಂಟೆ ರಿಂಗಣಿಸುತ್ತದೆ, ಆದರೆ ಪೂಜಾರಿ ಗಂಟೆಯನ್ನು ರಿಂಗಣಿಸುವುದಿಲ್ಲ, ಬಾರಿಸುತ್ತಾನೆ. ಹಳೆಯ ಅರ್ಥದಲ್ಲಿ ಬಳಸುವಾಗ ‘ರಿಂಗಣಗುಣಿ’ ಎಂದು ಒಂದೇ ಪದವಾಗಿ ಬರೆಯುವುದು ರೂಢಿ. ‘ಕುಣಿ’ಯ ಕಕಾರ ಅಲ್ಲಿ ಆದೇಶಸಂಧಿಯಿಂದ ಗಕಾರವಾಗಿದೆ. ಬಿಡಿಸಿ ಬರೆದಾಗ ‘ರಿಂಗಣ ಕುಣಿತ’.